ಟೇಪು ಬರುವವರೆಗೆ

ಸೋಮವಾರ ಮಧ್ಯಾಹ್ನ ಸಿಡ್ನಿಯ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಉಳಿದವರೆಲ್ಲ ಊಟಕ್ಕೆಂದು ಕೆಳಗಿಳಿದ ಮೇಲೆ, ಅನಸೂಯಮ್ಮ ಮೊಸರನ್ನದ ಡಬ್ಬಿಯ ಮುಚ್ಚಳ ತೆಗೆದು, ಕಂಪ್ಯೂಟರಿನಲ್ಲಿ ಜಪಾನಿನ ಹೆಣ್ಣುಮಕ್ಕಳ ಕುಸ್ತಿಯ ಸುದ್ದಿ ತೆರೆದರು. ಭಾನುವಾರ ಟೋಕಿಯೋದಲ್ಲಿ ನಡೆದ ಪಂದ್ಯಗಳ ಫಲಿತಾಂಶ ಈ ಹೊತ್ತಿಗೆ ಬಂದಿರುತ್ತಿತ್ತು. ಒಸಾಕಾದ ಒಬ್ಬ ಅಭಿಮಾನಿ ಅದನ್ನು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದು ಹಾಕುತ್ತಿದ್ದ. ಅವನು ಯಾರೋ, ಏನು ಕೆಲಸದವನೋ, ಕಂಡವರಿಲ್ಲ. ದೂರದೇಶದವರು ಕಾದಿರುತ್ತಾರೆಂಬ ಒಂದೇ ಕಾರಣಕ್ಕೆ ವಾರ ತಪ್ಪದೆ ಬರೆಯುತ್ತಿದ್ದ.

ಆ ದಿನ ಅವನು ಬರೆದದ್ದು ತೀರ ಕಡಿಮೆ. ಮಿಸುಜು ಕೊನೆಯ ಪಂದ್ಯದಲ್ಲಿ ಕುತ್ತಿಗೆಯ ಮೇಲೆ ಬಿದ್ದಳು. ಎಡಗೈ ಎತ್ತಲಾಗಲಿಲ್ಲ. ರೆಫರಿ ಪಂದ್ಯ ನಿಲ್ಲಿಸಿದ. ಇನ್ನು ಅವಳು ಆಡುವುದಿಲ್ಲವಂತೆ, ಮುಂದಿನ ವಾರ ಬೀಳ್ಕೊಡುಗೆ. ಕೆಳಗೆ, "ಕ್ಷಮಿಸಿ, ಇವತ್ತು ಹೆಚ್ಚು ಬರೆಯಲಾರೆ" ಎಂದಿತ್ತು.

ಅನಸೂಯಮ್ಮ ಚಮಚ ಕೆಳಗಿಟ್ಟರು. ಅವರ ಕಣ್ಣ ಮುಂದೆ ಮೊದಲು ಬಂದವಳು ಮಿಸುಜು ಅಲ್ಲ. ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿದ್ದ ಗುಣವತಿ, ಮತ್ತು ಅವಳ ಎಡಗೈ.

ಗುಣವತಿ ಉಡುಪಿ ಕಡೆಯವಳು. ಡ್ಯಾಂಡಿನಾಂಗ್‌ನ ಗೋದಾಮೊಂದರಲ್ಲಿ ಪೆಟ್ಟಿಗೆ ಇಳಿಸಿ ಜೋಡಿಸುವ ಕೆಲಸ ಅವಳದು. ಹಿಂದಿನ ವರ್ಷ ಮೇಲಿನ ಅಟ್ಟಣೆಯಿಂದ ಜಾರಿದ ಪೆಟ್ಟಿಗೆಯೊಂದನ್ನು ಹಿಡಿಯಲು ಹೋಗಿ ಕುತ್ತಿಗೆ ಹಿಡಿದುಕೊಂಡಿತು. ಉಳುಕು, ಎಣ್ಣೆ ತಿಕ್ಕಿದರೆ ಹೋದೀತು ಎಂದುಕೊಂಡಳು. ಹೋಗಲಿಲ್ಲ. ಕೈ ಜೋಮು ಹಿಡಿಯತೊಡಗಿತು. ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಸರಿದು ನರವನ್ನು ಒತ್ತುತ್ತಿದೆ, ಹಿಂದಿನಿಂದ ಕೊಯ್ದು ಸರಿಮಾಡಬೇಕು, ತಡ ಮಾಡಿದಷ್ಟೂ ಬೆರಳುಗಳ ಸ್ಪರ್ಶ ಹೋಗುತ್ತದೆ, ಹೋದದ್ದು ಮರಳುತ್ತದೆಂದು ಹೇಳಲಾರೆ ಎಂದು ಸರ್ಜನ್ ಹೇಳಿದ್ದರು.

ಗುಣವತಿ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಅವಳ ಬಳಿ ಒಂದು ಕಾರಣವಿತ್ತು. ಸರಿಸುಮಾರು ಅದೇ ಕಾಲಕ್ಕೆ ಮಿಸುಜುವಿಗೂ ಕುತ್ತಿಗೆಗೆ ಪೆಟ್ಟಾಗಿತ್ತು. ಡಾಕ್ಟರು ಆಪರೇಷನ್ ಎಂದರೂ ಅವಳು ಬೇಡವೆಂದಳಂತೆ, ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಗಿ ಜಲಪಾತದ ಕೆಳಗೆ ನಿಂತು, ವ್ಯಾಯಾಮ ಮಾಡಿ, ಛಲದಿಂದಲೇ ಗುಣವಾಗಿ ಬಂದಳಂತೆ. ಕುಸ್ತಿ ಕಂಪನಿಯ ಪತ್ರಿಕೆಯಲ್ಲಿ ಹಾಗೆ ಬಂದಿತ್ತು. ಅದನ್ನು ಫೋನಿನಲ್ಲಿ ಗುಣವತಿಗೆ ಓದಿ ಹೇಳಿದವರು ಅನಸೂಯಮ್ಮನೇ. ಕಂಪ್ಯೂಟರು ಮಾಡಿದ ಅನುವಾದದಲ್ಲಿ ಅರ್ಧ ವಾಕ್ಯಗಳಿಗೆ ತಲೆಯಿರಲಿಲ್ಲ, ಉಳಿದರ್ಧಕ್ಕೆ ಬಾಲವಿರಲಿಲ್ಲ. ಇಲ್ಲದ್ದನ್ನು ತಾವೇ ತುಂಬಿಸಿ, ಹರಿಕಥೆಯವರ ಹುರುಪಿನಲ್ಲಿ ಹೇಳಿದ್ದರು.

"ನೋಡಿ ಅಕ್ಕ, ಅವ್ಳು ಕತ್ತರಿಸ್ಕೊಳ್ಳಿಲ್ಲ, ಬಂದ್ಳಲ್ಲ? ನಂಗೂ ಕತ್ತಿ ಬೇಡ" ಎಂದು ಗುಣವತಿ ಅಂದೇ ತೀರ್ಮಾನ ಮಾಡಿಬಿಟ್ಟಳು.

ಮಿಸುಜು ಎಂದರೆ ಅವಳಿಗೆ ವಿಡಿಯೊ ಟೇಪಿನೊಳಗಿನ ಆಟಗಾರ್ತಿ ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ಆ ಕಂಪನಿಯವರು ಸಿಡ್ನಿಗೆ ಬಂದು, ಒಂದು ಕ್ಲಬ್ಬಿನ ಹಾಲಿನಲ್ಲಿ ಪ್ರದರ್ಶನ ಕೊಟ್ಟಿದ್ದರು. ಚಾಟ್ಸ್‌ವುಡ್‌ನ ಜಪಾನಿ ವಿಡಿಯೊ ಅಂಗಡಿಯಿಂದ ಟೇಪು ತಂದು ನೋಡುವ ಗೀಳು ಹತ್ತಿಸಿಕೊಂಡಿದ್ದ ಅನಸೂಯಮ್ಮ ಅಲ್ಲಿಗೆ ಒಬ್ಬರೇ ಹೋಗಿದ್ದರು. ಮೈಸೂರಿನ ಕಾಲೇಜಿನಲ್ಲಿ ಕಬಡ್ಡಿ ಆಡಿದವರು ಅವರು. ಹೆಂಗಸರು ಹೆಂಗಸರನ್ನು ಎತ್ತಿ ಒಗೆಯುವುದನ್ನು ಕಂಡರೆ, ಅದು ಮೊದಲೇ ಹೊಂದಿಸಿಕೊಂಡ ಆಟವೆಂದು ಗೊತ್ತಿದ್ದರೂ, ಈ ವಯಸ್ಸಿನಲ್ಲೂ ಅವರ ಮಂಡಿ ತಾನಾಗಿ ಬಗ್ಗುತ್ತಿತ್ತು. ಮುಂದಿನ ಸಾಲಿನಲ್ಲಿ ಮೆಲ್ಬರ್ನಿನಿಂದ ಗಂಡನನ್ನು ಎಳೆದುಕೊಂಡು ಬಂದಿದ್ದ ಗುಣವತಿ, "ಕೂತ್ಕೊಳ್ಳಿ ಮಾರಾಯ್ರೆ, ನಂಗೆ ಕಾಣುದಿಲ್ಲ!" ಎಂದು ಎದುರಿದ್ದ ಬಿಳಿಯನಿಗೆ ಕನ್ನಡದಲ್ಲೇ ಬೈಯುತ್ತಿದ್ದಳು. ಅವನಿಗೆ ಅರ್ಥವಾಗಿ ಅವನು ಕೂತೂಬಿಟ್ಟ. ಅವರಿಬ್ಬರ ಸ್ನೇಹ ಶುರುವಾದದ್ದು ಆಗ ಬಂದ ನಗುವಿನಿಂದ.

ಜಪಾನಿನಲ್ಲಿ ಒಂದು ಪದ್ಧತಿ ಉಂಟು. ಮೆಚ್ಚಿನವಳ ಹೆಸರು ಕೂಗಿದೊಡನೆ ಅಭಿಮಾನಿಗಳು ಅವಳ ಬಣ್ಣದ ಕಾಗದದ ಸುರುಳಿಗಳನ್ನು ಅಖಾಡದೊಳಕ್ಕೆ ಎಸೆಯುತ್ತಾರೆ. ಅವು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಅವಳ ಮೇಲೆ ಹೂಮಳೆಯಂತೆ ಇಳಿಯುತ್ತವೆ. ಎಸೆಯುವ ಮುನ್ನ ಒಳಗಿನ ಗಟ್ಟಿ ರಟ್ಟಿನ ಕೊಳವೆಯನ್ನು ತೆಗೆಯಬೇಕು. ಗುಣವತಿಗೆ ಅದು ಗೊತ್ತಿರಲಿಲ್ಲ. ಪಾರ್ಟಿ ಸಾಮಾನಿನ ಅಂಗಡಿಯಲ್ಲಿ ಕೊಂಡ, ಮಿಸುಜುವಿನ ಬಣ್ಣವಾದ ಹಳದಿಯ ಸುರುಳಿಯನ್ನು ಇದ್ದ ಹಾಗೇ ಬೀಸಿ ಎಸೆದಳು. ಅದು ನೇರ ಹೋಗಿ ಮಿಸುಜುವಿನ ಹುಬ್ಬಿಗೆ ಬಡಿಯಿತು. ಮಿಸುಜು ಸುರುಳಿಯನ್ನು ಎತ್ತಿಕೊಂಡು ಕೆಳಗಿಳಿದು ಬಂದಳು. ಗುಣವತಿಯ ಮುಂದೆ ನಿಂತು, ಕೊಳವೆಯನ್ನು ನಿಧಾನವಾಗಿ ಹೊರಗೆಳೆದು, ಸುರುಳಿಯನ್ನು ಬೆರಳಿನಿಂದ ಸ್ವಲ್ಪ ಸಡಿಲಿಸಿ, ಎರಡೂ ಕೈಯಲ್ಲಿ ಅವಳಿಗೆ ವಾಪಸು ಕೊಟ್ಟು ತಲೆಬಾಗಿದಳು. ಹುಬ್ಬು ಆಗಲೇ ಊದುತ್ತಿತ್ತು. ಗುಣವತಿ ಅದನ್ನು ಮತ್ತೆ ಎಸೆಯಲಿಲ್ಲ. ಮನೆಗೆ ತಂದು ದೇವರ ಫೋಟೊಗಳ ಪಕ್ಕದಲ್ಲಿ ಇಟ್ಟುಕೊಂಡಳು.

ಅಂದಿನಿಂದ ಟೇಪು ಮೊದಲು ಅನಸೂಯಮ್ಮನ ಕೈಗೆ, ನಂತರ ಅಂಚೆಯಲ್ಲಿ ಗುಣವತಿಯ ಕೈಗೆ. ಇಬ್ಬರ ನಡುವೆ ಇದ್ದದ್ದು ಒಂದೇ ಕಟ್ಟುಪಾಡು: ಟೇಪು ಬರುವವರೆಗೆ ಫಲಿತಾಂಶ ಹೇಳಬಾರದು. ಒಮ್ಮೆ ಅನಸೂಯಮ್ಮನ ಗಂಡ ರಾಜಣ್ಣ ಫೋನೆತ್ತಿ, "ಗೆದ್ಲಂತಲ್ಲಮ್ಮ ನಿಮ್ಮ ಹಳದಿ ಹುಡುಗಿ" ಎಂದುಬಿಟ್ಟಿದ್ದಕ್ಕೆ, ಗುಣವತಿ ಆ ತಿಂಗಳೆಲ್ಲ ಅವರ ಧ್ವನಿ ಕೇಳಿದರೆ ಫೋನಿಡುತ್ತಿದ್ದಳು.

ಮಂಗಳವಾರ ಸಂಜೆ ಅನಸೂಯಮ್ಮ ಫೋನು ಮಾಡಿದರು.

"ಎಂತ ಅಕ್ಕ, ಇವತ್ತು? ಭಾನುವಾರ ಅಲ್ವಲ್ಲ?"

"ಸುಮ್ನೆ ಕಣೆ. ಕೈ ಹೇಗಿದೆ?"

"ಉಂಟು, ಕೈ ಜಾಗದಲ್ಲೇ ಉಂಟು" ಎಂದು ಗುಣವತಿ ನಕ್ಕಳು. "ಮೊನ್ನೆ ಬಿಸಿ ಪಾತ್ರೆ ಹಿಡ್ದದ್ದು ಗೊತ್ತೇ ಆಗ್ಲಿಲ್ಲ. ಕಾಂತಪ್ಪಣ್ಣನಿಗೆ ಹೇಳ್ಬೇಡಿ ಮತ್ತೆ." ಗಂಡನನ್ನು ಅವಳು ಬೇರೆಯವರ ಮುಂದೆ ಹೀಗೇ ಕರೆಯುತ್ತಿದ್ದಳು.

"ಗುಣ, ಆಪರೇಷನ್ ಮಾಡಿಸ್ಕೊಂಬಿಡೆ. ತಡ ಮಾಡ್ಬೇಡ."

"ಅಯ್ಯೋ, ಅದಾ? ಆಸ್ಪತ್ರೆಯಿಂದ ಡೇಟ್ ಕೊಟ್ಟಿದ್ರು, ಬರುವ ಗುರುವಾರಕ್ಕೆ. ಬೇಡ ಅಂದೆ. ಮಿಸುಜುದು ದೊಡ್ಡ ಮ್ಯಾಚ್ ಆಗಿರ್ಬೇಕಲ್ಲ ಈಗ? ಅದ್ನ ನೋಡಿ ಮತ್ತೆ ಯೋಚ್ನೆ ಮಾಡುದು."

"ಬೇಡ ಅಂದ್ಯಾ?" ಎಂದರು ಅನಸೂಯಮ್ಮ. "ನೋಡು, ಆ ಮ್ಯಾಚಿನಲ್ಲಿ..."

"ಅಕ್ಕ! ಹೇಳ್ಬೇಡಿ!" ಗುಣವತಿ ಕೂಗಿಯೇಬಿಟ್ಟಳು. "ನಿಮ್ಮ ಸ್ವರದಲ್ಲಿ ಎಂತದೋ ಉಂಟು. ಗೆದ್ಳಾ? ಬೇಡ ಬೇಡ, ಹೇಳ್ಬೇಡಿ. ಟೇಪ್ ಬರ್ಲಿ."

ಅನಸೂಯಮ್ಮ ಹೇಳಲಿಲ್ಲ.

"ಹೇಳ್ಬಿಡೋದಲ್ವಾ ಅತ್ಲಾಗೆ?" ಎಂದರು ರಾಜಣ್ಣ, ಪೇಪರಿನ ಹಿಂದಿನಿಂದ. "ನಿಮ್ಮಿಬ್ರ ಕುಸ್ತಿ ಸಂಘಕ್ಕೆ ನಾನು ಮೆಂಬರ್ ಅಲ್ಲಪ್ಪ. ಆದ್ರೂ ಕೈ ಹೋಗೋದು ಅವಳ್ದು."

"ಹೇಳಿದ್ರೆ ಏನನ್ಕೋತಾಳೆ ಗೊತ್ತಾ? ಮಿಸುಜುವಿಗೇ ಆಗ್ಲಿಲ್ಲ, ಇನ್ನು ನಂದೇನು ಅಂತ ಪೂರ್ತಿ ಕೈ ಚೆಲ್ಲಿ ಕೂತ್ಬಿಟ್ರೆ?"

ರಾಜಣ್ಣ ಎದ್ದು ಹೋಗಿ ಹೆಂಡತಿಗೆ ಕಾಫಿ ಮಾಡಿ ತಂದರು. ಸಕ್ಕರೆ ಜಾಸ್ತಿಯಾಗಿತ್ತು. ಅನಸೂಯಮ್ಮ ಲೋಟ ಖಾಲಿ ಮಾಡಿದರು.

ಮುಂದಿನ ದಿನಗಳು ಅವರಿಗೆ ಮುಳ್ಳಿನ ಮೇಲೆ ಕಳೆದವು. ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ವಿಡಿಯೊ ಅಂಗಡಿಯ ಬಾಗಿಲಲ್ಲಿ ತಲೆ ಹಾಕುವುದು, ಇನ್ನೂ ಇಲ್ಲವೆಂದು ಅಂಗಡಿಯ ಮಿತ್ಸುಕೊ ಕೈಯಾಡಿಸುವುದು. ಈ ನಡುವೆ ಓದಿದ ಸುದ್ದಿಯಲ್ಲೂ ಸಮಾಧಾನವಿರಲಿಲ್ಲ. ಹೆಂಗಸರ ಕುಸ್ತಿಗೆ ಜನ ಬರುತ್ತಿಲ್ಲ, ಟಿವಿಯವರು ಕೈಬಿಟ್ಟಿದ್ದಾರೆ, ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಮಿಸುಜುವಿನ ಕಂಪನಿಯೂ ವರ್ಷ ಕಳೆಯುವುದು ಅನುಮಾನ ಎಂದು ಒಸಾಕಾದವನು ಬರೆದಿದ್ದ.

ಟೇಪು ಬಂದದ್ದು ಮೂರನೆಯ ವಾರ. ಮಿತ್ಸುಕೊ ಅದನ್ನು ಅಟ್ಟಣೆಯಲ್ಲಿ ಇಡದೆ, ಕಂದು ಕಾಗದದಲ್ಲಿ ಸುತ್ತಿ ಮೇಜಿನ ಕೆಳಗೆ ಇಟ್ಟಿದ್ದಳು. ಟೇಪು ಕೊಡುವಾಗ ಅನಸೂಯಮ್ಮನ ಮಣಿಕಟ್ಟಿನ ಮೇಲೆ ಒಂದು ಗಳಿಗೆ ಕೈಯಿಟ್ಟು ತೆಗೆದಳು. ಅವಳೂ ನೋಡಿದ್ದಾಳೆ, ಅವಳೂ ಫಲಿತಾಂಶ ಹೇಳುವವಳಲ್ಲ.

ಮನೆಯಲ್ಲಿ ಅನಸೂಯಮ್ಮ ಪಂದ್ಯದ ಅರ್ಧ ಮಾತ್ರ ನೋಡಿದರು. ಮಿಸುಜು ಬಿದ್ದ ರೀತಿ ಕಂಡ ಮೇಲೆ ಮುಂದೆ ನೋಡುವ ಧೈರ್ಯ ಬರಲಿಲ್ಲ. ಮೊದಲ ಪಂದ್ಯಗಳನ್ನಷ್ಟೇ ನಕಲು ಮಾಡಿ, ಕೊನೆಯದನ್ನು ಬಿಟ್ಟು ಕಳಿಸಿಬಿಡಲೇ ಎಂಬ ಯೋಚನೆ ಬಂದು, ತಮ್ಮ ಬಗ್ಗೆಯೇ ನಾಚಿಕೆಯಾಯಿತು. ಇದನ್ನು ಅಂಚೆಗೆ ಹಾಕುವುದಲ್ಲ, ಗುಣವತಿ ಒಬ್ಬಳೇ ಕೂತು ನೋಡುವಂಥದ್ದಲ್ಲ ಎನಿಸಿತು. ಶನಿವಾರದ ಬೆಳಗಿನ ವಿಮಾನಕ್ಕೆ ರಾಜಣ್ಣನೇ ಟಿಕೆಟ್ ಬುಕ್ ಮಾಡಿದರು.

ಮೆಲ್ಬರ್ನಿನ ನಿಲ್ದಾಣಕ್ಕೆ ಕಾಂತಪ್ಪ ಬಂದಿದ್ದರು. ಕಾರು ಹೆದ್ದಾರಿಗೆ ಬಂದ ಮೇಲೆ ಕೇಳಿದರು: "ಟೇಪಲ್ಲಿ ಒಳ್ಳೇದಿಲ್ಲ ಅಲ್ವಾ ಅಕ್ಕ?"

"ಇಲ್ಲ."

"ನೀವು ಬರ್ತೇನೆ ಅಂದಾಗ್ಲೇ ಅನ್ಸಿತು. ನಾನು ಹೇಳಿದ್ರೆ ಅವ್ಳು ಕೇಳುದಿಲ್ಲ. ಸರ್ಜನ್ ಹೇಳಿದ್ರೂ ಕೇಳುದಿಲ್ಲ. ಆ ಜಪಾನಿನವ್ಳು ಹೇಳ್ಬೇಕು." ಸ್ವಲ್ಪ ದೂರ ಹೋದ ಮೇಲೆ, "ಅವ್ಳ ಶರ್ಟಿನ ಬಟನ್ ಈಗ ನಾನು ಹಾಕುದು. ಅಕ್ಷಿತನಿಗೆ ಗೊತ್ತಾಗ್ಬಾರ್ದು ಅಂತ ಬಾಗ್ಲು ಹಾಕ್ಕೊಂಡು" ಎಂದರು.

ಗುಣವತಿ ಬಾಗಿಲಲ್ಲೇ ನಿಂತಿದ್ದಳು. ಕೂದಲು ಬಿಚ್ಚಿ ಹರಡಿತ್ತು. ಬಿಗಿಯಾಗಿ ಹೆಣೆದ ಜಡೆಯಿಲ್ಲದ ಗುಣವತಿಯನ್ನು ಅನಸೂಯಮ್ಮ ಅದುವರೆಗೆ ಕಂಡಿರಲಿಲ್ಲ.

"ಟೇಪಿನ ಜೊತೆ ನೀವೇ ಪಾರ್ಸೆಲ್ ಆಗಿ ಬಂದ್ರಲ್ಲ ಅಕ್ಕ! ಅಂಚೆಯವ್ರದ್ದು ಮುಷ್ಕರವಾ?"

"ಹೂಂ ಕಣೆ, ಸ್ಟಾಂಪು ಹಚ್ಚೋಕೆ ಜಾಗ ಸಿಗ್ಲಿಲ್ಲ ಅವರಿಗೆ."

ಮಗ ಅಕ್ಷಿತ್ ಕೋಣೆಯಿಂದ ಇಣುಕಿ, "ಹಾಯ್ ಆಂಟಿ. ಅಮ್ಮಾ, ಡೋಂಟ್ ಸ್ಕ್ರೀಮ್ ದಿಸ್ ಟೈಮ್, ಓಕೆ? ಐ ಹ್ಯಾವ್ ಎಕ್ಸಾಮ್ಸ್" ಎಂದು ಬಾಗಿಲು ಹಾಕಿಕೊಂಡ.

"ಬೊಬ್ಬೆ ಹಾಕ್ದೆ ನೋಡುದಾದ್ರೆ ಕುಸ್ತಿ ಯಾಕೆ, ವಾರ್ತೆ ನೋಡ್ತೇನೆ" ಎಂದು ಗುಣವತಿ ಬಾಗಿಲಿಗೇ ಹೇಳಿದಳು. ಊಟವಾದ ಕೂಡಲೇ ಟಿವಿಯ ಮುಂದೆ ಚಾಪೆ ಹಾಸಿದಳು. ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡದ್ದನ್ನು ಅನಸೂಯಮ್ಮ ನೋಡಿಯೂ ನೋಡದಂತೆ ಇದ್ದರು.

ಮೊದಲ ಪಂದ್ಯಗಳಲ್ಲಿ ಗುಣವತಿ ಎಂದಿನಂತೆಯೇ ಇದ್ದಳು. "ಹಿಡಿ ಅವ್ಳ ಕಾಲು! ಅಯ್ಯೋ ಪೆದ್ದೆ!" ಎಂದು ಬೈದಳು, ನಕ್ಕಳು. ಮಿಸುಜು ಬಂದಾಗ ಹಳದಿ ಸುರುಳಿಗಳು ಹಾರಿದವು. ಮೊದಲಿನಷ್ಟು ಇರಲಿಲ್ಲ, ಹಾಲಿನಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು ಕಾಣುತ್ತಿದ್ದವು. ಆಟ ಬೆಳೆಯಿತು. ಎದುರಾಳಿ ಮಿಸುಜುವನ್ನು ಎತ್ತಿ ಹಿಂದಕ್ಕೆ ಒಗೆದಳು. ಮಿಸುಜು ಎದ್ದು ಕೂರಲು ನೋಡಿದಳು, ಎಡಗೈ ಒದ್ದೆ ಬಟ್ಟೆಯ ಹಾಗೆ ನೆಲದಲ್ಲೇ ಉಳಿಯಿತು. ಎದುರಾಳಿ ಆಟ ಬಿಟ್ಟು ಓಡಿಬಂದು, ಅವಳ ತಲೆ ಅಲುಗದ ಹಾಗೆ ಎರಡೂ ಕೈಗಳಿಂದ ಹಿಡಿದುಕೊಂಡು ಕೂತಳು. ಈಗ ತಾನೇ ಒಗೆದ ಕೈಗಳು ಅವು.

ಗುಣವತಿ ಬೊಬ್ಬೆ ಹಾಕಲಿಲ್ಲ. ಕಾಂತಪ್ಪ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು.

"ಇದು ಆಟವಾ, ನಿಜವಾ?" ಎಂದು ಗುಣವತಿ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ನಿಜ ಕಣೆ."

"ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು."

"ಹೇಳ್ಬೋದಿತ್ತು ಅಕ್ಕ."

"ನೀನು ಬಿಡ್ಲಿಲ್ವಲ್ಲೆ."

"ನಾನು ಬಿಡದಿದ್ರೂ ಹೇಳ್ಬೋದಿತ್ತು" ಎಂದಳು ಗುಣವತಿ. ಸಿಟ್ಟಿನಿಂದಲ್ಲ, ಅದು ಅನಸೂಯಮ್ಮನಿಗೆ ಸಿಟ್ಟಿಗಿಂತ ಹೆಚ್ಚು ತಾಗಿತು. "ಕಳೆದ ವಾರದಿಂದ ಈ ಕಿರುಬೆರಳೂ ಇಲ್ಲ. ಇನ್ನೊಂದು ಇದರ ಪಕ್ಕದ್ದು, ಅದೂ ಹೋಗುವ ಅಂದಾಜಲ್ಲುಂಟು."

ಅನಸೂಯಮ್ಮ ಟೇಪು ನಿಲ್ಲಿಸಲು ಕೈ ಚಾಚಿದರು. ಗುಣವತಿ ತಡೆದಳು. "ಇರ್ಲಿ. ಪೂರ್ತಿ ನೋಡುವ. ಅವ್ಳು ಕೈ ಹೋಗುವವರೆಗೆ ಆಡಿದ್ಳಲ್ಲ."

ಟೇಪಿನ ಕೊನೆಗೆ ಮರುವಾರದ ಬೀಳ್ಕೊಡುಗೆಯ ದೃಶ್ಯ ಬಂತು. ಮಾಮೂಲಿ ಬಟ್ಟೆಯಲ್ಲಿ ಮಿಸುಜು ಸಣ್ಣದಾಗಿ ಕಾಣುತ್ತಿದ್ದಳು. ಕಪ್ಪು ಕೋಟು, ಕೊರಳಿಗೆ ಪಟ್ಟಿ. ಸಹ ಆಟಗಾರ್ತಿಯರು ಒಬ್ಬೊಬ್ಬರಾಗಿ ಹೂಗುಚ್ಛ ಕೊಟ್ಟರು. ಅವಳು ಕೊರಳ ಪಟ್ಟಿಯನ್ನು ತಾನೇ ಬಿಚ್ಚಿ ಪಕ್ಕಕ್ಕಿಟ್ಟಳು. ಯಾರೋ ಬೇಡವೆಂದು ಮುಂದೆ ಬಂದರು; ಅವಳು ತಲೆಯಾಡಿಸಿದಳು. ಅಖಾಡದ ನಾಲ್ಕೂ ದಿಕ್ಕಿಗೆ ಒಂದೊಂದು ಸಲ, ಸೊಂಟದಿಂದ ನಿಧಾನವಾಗಿ ಬಗ್ಗಿ ನಮಸ್ಕರಿಸಿದಳು. ಮೂರನೆಯ ದಿಕ್ಕಿಗೆ ಬಗ್ಗಿದಾಗ ಅವಳ ಬೆನ್ನು ಕ್ಯಾಮೆರಾದ ಕಡೆಗಿತ್ತು. ಉದ್ದ ಕೂದಲು ಮುಂದಕ್ಕೆ ಜಾರಿತು.

"ಅಕ್ಕ, ಹಿಂದೆ ಹಾಕಿ" ಎಂದಳು ಗುಣವತಿ.

ಅನಸೂಯಮ್ಮ ಟೇಪನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿದರು. ಚಿತ್ರ ನಡುಗುತ್ತ ನಿಂತಿತು. ಕುತ್ತಿಗೆಯ ಹಿಂದೆ, ಕೂದಲಿನ ಬುಡದಿಂದ ಕೋಟಿನ ಕಾಲರಿನೊಳಗಿನವರೆಗೆ ನೆಟ್ಟಗಿನ ಒಂದು ಗೆರೆ. ಹೊಸ ಗಾಯವಲ್ಲ. ಒಣಗಿ, ಬೆಳ್ಳಗಾಗಿ, ಮೈಬಣ್ಣದಲ್ಲಿ ಸೇರಿಹೋದ ಹಳೆಯ ಹೊಲಿಗೆ.

ಅನಸೂಯಮ್ಮನಿಗೆ ಜಲಪಾತ, ದೇವಸ್ಥಾನ, ತಾವು ಫೋನಿನಲ್ಲಿ ಕಟ್ಟಿ ಹೇಳಿದ ಛಲದ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. ಅಖಾಡದ ಹೊರಗೂ ಕಥೆ ನಡೆಸುವ ಪದ್ಧತಿ ಆ ಕಸುಬಿನದು, ಇಷ್ಟು ವರ್ಷ ನೋಡಿದವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಯಾವ ಆಟಗಾರ್ತಿಯ ಜಗಳ ಸುಳ್ಳು, ಯಾವುದು ನಿಜ ಎಂದು ಕೂತು ವಾದಿಸಿದವರೇ ಇವರಿಬ್ಬರು. ಆದರೂ ಇದೊಂದನ್ನು ಮಾತ್ರ ನಂಬಿದ್ದರು.

"ಕತ್ತರಿಸ್ಕೊಂಡಿದ್ಳು" ಎಂದಳು ಗುಣವತಿ. "ಮೊದ್ಲೇ. ಆಗ್ಲೇ."

"ಹೂಂ."

"ಸುಳ್ಳು ಹೇಳಿದ್ಳು ನಂಗೆ."

"ಅವಳು ಹೇಳಿದ್ದಲ್ಲ ಕಣೆ. ಕಂಪನಿಯವರು ಬರೆದಿದ್ದು, ನಾನು ಓದಿದ್ದು. ಅವಳು ನೋಡು, ಪಟ್ಟಿ ತೆಗೆದು ಬಗ್ಗಿದ್ದಾಳೆ. ಬೇಡ ಅಂದ್ರೂ."

ಗುಣವತಿ ಎದ್ದು, ದೇವರ ಫೋಟೊಗಳ ಪಕ್ಕದಿಂದ ಹಳದಿ ಸುರುಳಿಯನ್ನು ತಂದಳು. ಬಣ್ಣ ಮಾಸಿತ್ತು. ಎಡಗೈಯ ಬೆರಳುಗಳ ನಡುವೆ ಅದನ್ನಿಟ್ಟು ಮುಚ್ಚಲು ನೋಡಿದಳು. ಅದು ಜಾರಿ ಬಿದ್ದು, ಬಿಚ್ಚಿಕೊಳ್ಳುತ್ತ ಚಾಪೆಯ ಆಚೆಗೆ ಉರುಳಿತು. ಬಿದ್ದದ್ದು ಅವಳಿಗೆ ಗೊತ್ತಾದದ್ದು ಕಣ್ಣಿನಿಂದ.

"ಕತ್ತರಿಸ್ಕೊಂಡೇ ಒಂದು ವರ್ಷ ಆಡಿದ್ಳು ಅಲ್ವಾ ಹಾಗಾದ್ರೆ" ಎಂದಳು, ತನಗೆ ತಾನೇ ಲೆಕ್ಕ ಒಪ್ಪಿಸುವಂತೆ. "ಅಂಥ ಏಟು ತಿಂದು ಒಂದು ವರ್ಷ. ನಂಗೆ ಆಡ್ಲಿಕ್ಕಿಲ್ಲ. ದೋಸೆ ಮಗುಚಿದ್ರೆ ಸಾಕು. ಬಟನ್ ಹಾಕಿದ್ರೆ ಸಾಕು."

ಕಾಂತಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. "ಸೋಮವಾರ ನಾನು ಆಸ್ಪತ್ರೆಗೆ ಫೋನ್ ಮಾಡ್ಲಾ?"

"ಬೇಡ. ಬೇಡ ಅಂದದ್ದು ನಾನಲ್ವಾ, ನಾನೇ ಮಾಡ್ಬೇಕು." ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಬಿಟ್ಟ ಡೇಟ್ ಮತ್ತೆ ಯಾವಾಗ ಸಿಗ್ತದೋ. ಅಷ್ಟರಲ್ಲಿ ಎಷ್ಟು ಬೆರಳು ಉಳೀತದೋ."

ಉರುಳಿಹೋದ ಸುರುಳಿಯನ್ನು ಅಕ್ಷಿತ್ ತನ್ನ ಕೋಣೆಯ ಬಾಗಿಲಿನ ಬಳಿ ಎತ್ತಿಕೊಂಡ. ಯಾವಾಗ ಬಾಗಿಲು ತೆರೆದನೋ, ಎಷ್ಟು ಕೇಳಿಸಿಕೊಂಡನೋ. ಅದನ್ನು ಸುತ್ತುತ್ತ ಬಂದು ತಾಯಿಯ ಬಲಗೈಗೆ ಕೊಟ್ಟು ಅಲ್ಲೇ ಚಾಪೆಯ ಅಂಚಿನಲ್ಲಿ ಕೂತ.

ಅನಸೂಯಮ್ಮ ಬಾಚಣಿಗೆ ಕೇಳಿ ಪಡೆದರು. ಗುಣವತಿಯ ಹಿಂದೆ ಮಂಡಿಯೂರಿ ಕೂತು, ಎಷ್ಟೋ ದಿನಗಳಿಂದ ಗಂಟುಕಟ್ಟಿದ್ದ ಕೂದಲನ್ನು ತುದಿಯಿಂದ ಬಿಡಿಸುತ್ತ ಬಂದರು. ಬಿಡಿಸಿದ್ದನ್ನೆಲ್ಲ ಸೇರಿಸಿ ಮೇಲಕ್ಕೆತ್ತಿದಾಗ ಕುತ್ತಿಗೆ ಬರಿದಾಯಿತು. ಒಂದು ಗೆರೆಯೂ ಇಲ್ಲದ ಕುತ್ತಿಗೆ.

"ಎಲ್ಲಿ ಕೊಯ್ಯುದು ಅಕ್ಕ? ಇಲ್ಲಿಯಾ?" ಗುಣವತಿ ಬಲಗೈಯನ್ನು ಹಿಂದೆ ತಂದು ತಡಕಿದಳು.

ಅನಸೂಯಮ್ಮ ಅವಳ ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ಇಟ್ಟರು. "ಇಲ್ಲಿಂದ ಇಲ್ಲಿಗೆ."

"ಅಷ್ಟೇಯಾ?"

"ಅಷ್ಟೇ ಕಣೆ."

ಟಿವಿಯಲ್ಲಿ ಮಿಸುಜು ಇನ್ನೂ ಬಗ್ಗಿಯೇ ನಿಂತಿದ್ದಳು, ಚಿತ್ರ ನಡುಗುತ್ತಿತ್ತು. ಗುಣವತಿ ರಿಮೋಟ್ ಕೇಳಿ, ಬಲಗೈಯಿಂದ ಗುಂಡಿ ಒತ್ತಿದಳು. ಮಿಸುಜು ಮೇಲೆದ್ದು ನಾಲ್ಕನೆಯ ದಿಕ್ಕಿಗೆ ತಿರುಗಿದಳು.

"ಗಟ್ಟಿ ಎಳೀಬೇಡಿ ಅಕ್ಕ" ಎಂದಳು ಗುಣವತಿ. "ನೋಯ್ತದೆ."